ಪ್ಲೈವುಡ್ಡಿನಾಚೆಯ ಡಾಕ್ಟರು

ನಾನು ಮಿಮಿಕ್ರಿ ಮಾಡುತ್ತೇನೆ ಎಂದರೆ ಜನ ಮೊದಲು ಕೇಳುವುದು ಯಾವ ಹೀರೋ ಬರುತ್ತಾನೆ ಎಂದು. ಹೀರೋಗಳು ಯಾರೂ ಬರುವುದಿಲ್ಲ. ನನಗೆ ಬರುವುದು ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಷನ್ ಹೇಳುವ ಹೆಂಗಸು, ನೀರು ಬಂತೆಂದು ಮೂರನೇ ಮಾಳಿಗೆಯಿಂದ ಕೂಗುವ ನಮ್ಮ ಚಾಳಿನ ಅಜ್ಜಿ, ಪ್ರೆಶರ್ ಕುಕ್ಕರು, ಮತ್ತು ನನ್ನನ್ನು ಕೆಲಸದಿಂದ ತೆಗೆದ ನಾಲ್ವರು ಮ್ಯಾನೇಜರುಗಳು. ಗಣಪತಿ ಮಂಡಳದ ಸ್ಟೇಜಿನಲ್ಲಿ ಇಷ್ಟರಲ್ಲೇ ಹತ್ತು ನಿಮಿಷ ದೂಡಬಹುದು. ಹನ್ನೊಂದನೇ ನಿಮಿಷಕ್ಕೆ ಆರ್ಕೆಸ್ಟ್ರಾದವರು ತಾವಾಗಿಯೇ ಡ್ರಮ್ಮು ಬಾರಿಸಲು ಶುರುಮಾಡುತ್ತಾರೆ.

ಈಗಿನ ಕೆಲಸ ಸಿಕ್ಕಿದ್ದೂ ಬಾಯಿಂದಲೇ, ಹೋಗುವುದರಲ್ಲಿದ್ದದ್ದೂ ಬಾಯಿಂದಲೇ. ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ ಸಣ್ಣ ಕಾರ್ಖಾನೆಗಳ ಗಾಳಾಗಳು, ಅಂದರೆ ಶೆಡ್ಡಿನಂಥ ಕೋಣೆಗಳು, ಸಾಲಾಗಿವೆ. ಅವುಗಳಲ್ಲೊಂದರಲ್ಲಿ ನಮ್ಮ ಕೇಂದ್ರ. ಒಂದು ಪಕ್ಕದ ಗಾಳಾದಲ್ಲಿ ಮಿಠಾಯಿ ಬಾಕ್ಸು ಮಾಡುತ್ತಾರೆ, ಇನ್ನೊಂದು ಪಕ್ಕದಲ್ಲಿ ಪ್ಲಾಸ್ಟಿಕ್ ಮುಚ್ಚಳ. ನಡುವೆ ಮನುಷ್ಯರನ್ನು ರಿಪೇರಿ ಮಾಡುವವರು ನಾವು. ಹೀಗೆ ಒಮ್ಮೆ ಜೋರಾಗಿ ಅಂದುಬಿಟ್ಟಿದ್ದೆ. ಕೇಂದ್ರ ನಡೆಸುವ ಮೇಡಮ್ ಉಡುಪಿ ಕಡೆಯವರು. "ಮನುಷ್ಯ ಎಂತ ಮಿಕ್ಸರಾ ಮಾರಾಯ, ರಿಪೇರಿ ಮಾಡ್ಲಿಕ್ಕೆ?" ಎಂದು ಕೇಳಿದರು. ಅಂದಿನಿಂದ ಮೆಲ್ಲಗೆ ಅನ್ನುತ್ತೇನೆ.

ಫುಟ್‌ಪಾತಿನಲ್ಲಿ, ಫ್ಲೈಓವರಿನ ಕೆಳಗೆ ಬದುಕುವವರು ಹಗಲು ಹೊತ್ತು ಇಲ್ಲಿಗೆ ಬರುತ್ತಾರೆ. ಕೆಲವರಿಗೆ ಕುಡಿತ ಬಿಡಬೇಕು, ಕೆಲವರಿಗೆ ವೈಟ್ನರ್ ಮೂಸುವುದು ಬಿಡಬೇಕು, ಕೆಲವರಿಗೆ ಮನಸ್ಸಿನ ಕಾಯಿಲೆಗೆ ಗುಳಿಗೆ ಬೇಕು. ಬಹಳ ಮಂದಿಗೆ ಮೊದಲು ಸ್ನಾನ ಬೇಕು, ಚಹಾ ಬೇಕು, ಹೆಸರು ಹಿಡಿದು ಕರೆಯುವವರು ಬೇಕು. ವಾರ್ಷಿಕೋತ್ಸವಕ್ಕೆ ನನ್ನನ್ನು ಮಿಮಿಕ್ರಿಗೆಂದು ಕರೆಸಿದ್ದ ಮೇಡಮ್, ಮುಗಿದ ಮೇಲೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದರು. ಐದು, ಐದರಲ್ಲೂ ತಪ್ಪು ಮಾಡುತ್ತೇನೆ ಎಂದೆ. ಮಾರನೇ ದಿನದಿಂದ ಕೆಲಸಕ್ಕೆ ಬಾ ಎಂದರು. ಫ್ಲೈಓವರ್ ಕೆಳಗೆ ಕೂತವರ ಪಕ್ಕ ಕೂತು ಮಾತಾಡಿ, ನಂಬಿಕೆ ಹುಟ್ಟಿಸಿ ಒಳಗೆ ಕರೆತರುವುದು ನನ್ನ ಕೆಲಸ. ಕೂತು ಮಾತಾಡುವುದನ್ನು ಯಾರೋ ಕೆಲಸ ಎಂದು ಕರೆದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಾಗೆ ನಾನು ಕರೆತಂದವರಲ್ಲಿ ಒಬ್ಬರು ಕಾಕಾ. ವಿಜಯಪುರದ ಕಡೆಯವರು, ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುವ ಕೆಲಸದವರು. ಈ ಊರಿನ ಎಷ್ಟೋ ಬಿಲ್ಡಿಂಗುಗಳ ಛತ್ತು ನಿಂತದ್ದು ಅವರು ಹೊಡೆದ ಹಲಗೆಯ ಮೇಲೆ. ಅವರ ತಲೆಯ ಮೇಲೆ ಮಾತ್ರ ಹನ್ನೊಂದು ವರ್ಷದಿಂದ ಫ್ಲೈಓವರ್ ಬಿಟ್ಟು ಬೇರೆ ಛತ್ತು ಇರಲಿಲ್ಲ. ಹಿಂದೆ ಅವರಿಂದ ಕೆಲಸ ಮಾಡಿಸುತ್ತಿದ್ದ ಮುಕಾದಮನೊಬ್ಬನ ದನಿ ಅವರ ಕಿವಿಯಲ್ಲಿ ಕೂತಿತ್ತು. ಹಲಗೆ ಸೊಟ್ಟ ಇದೆ, ಬಿಚ್ಚು, ಮತ್ತೆ ಹೊಡಿ ಎಂದು ಹಗಲೆಲ್ಲ ಬೈಯುತ್ತಿತ್ತು. ಅದನ್ನು ಮುಚ್ಚಲು ಅವರು ಕುಡಿಯುತ್ತಿದ್ದರು. ಕುಡಿದರೆ ಮುಕಾದಮನೂ ಕುಡಿದು ಇನ್ನೂ ಜೋರಾಗಿ ಬೈಯುತ್ತಿದ್ದ.

ಮೊದಲ ದಿನ ನಾನು ಅವರ ಪಕ್ಕ ಕೂತು ನನ್ನ ಅವ್ವನ ಕನ್ನಡದಲ್ಲಿ "ಆರಾಮ್ ಇದ್ದೀರೇನ್ರಿ ಕಾಕಾ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆರಾಮ್ ಇದ್ರ ಇಲ್ಲ್ಯಾಕ ಕೂಡತಿದ್ದೆ, ಮಂಗ್ಯಾ?"

ಅಂದಿನಿಂದ ನನ್ನ ಹೆಸರು ಮಂಗ್ಯಾ. ಎಂಟು ತಿಂಗಳಲ್ಲಿ ಕಾಕಾ ಕುಡಿತ ಬಿಟ್ಟರು, ದಿನಾ ಬೆಳಿಗ್ಗೆ ಬಂದು ಗುಳಿಗೆ ನುಂಗಿದರು, ಮುಕಾದಮ ದೂರದ ಫೋನಿನಲ್ಲಿ ಮಾತಾಡುವವನಷ್ಟು ಸಣ್ಣಗಾದ. ಪಕ್ಕದ ಬಾಕ್ಸ್ ಗಾಳಾದ ಯಜಮಾನ ಅವರನ್ನು ದಿನಾ ನೋಡುತ್ತಿದ್ದವನು ಒಂದು ದಿನ ತಾನಾಗಿಯೇ ಹೇಳಿದ: ಬಾಕ್ಸು ಅಂಟಿಸುವ ಕೆಲಸ ಕೊಡುತ್ತೇನೆ, ಮೇಲೆ ಅಟ್ಟ ಖಾಲಿ ಇದೆ, ಅಲ್ಲೇ ಮಲಗಲಿ. ಆದರೆ ಗುಳಿಗೆ ಸರಿಯಾಗಿ ತಗೊಳ್ಳುತ್ತಾನೆ, ಸ್ಥಿರವಾಗಿದ್ದಾನೆ ಎಂದು ಡಾಕ್ಟರು ಒಂದು ಚೀಟಿ ಬರೆದುಕೊಡಬೇಕು. ಡಾಕ್ಟರು ನಮ್ಮಲ್ಲಿಗೆ ಬರುವುದು ಬುಧವಾರ ಮಾತ್ರ. "ಮುಂದಿನ ಬುಧವಾರ ಸಹಿ ಮಾಡುತ್ತೇನೆ" ಎಂದರು. ಕಾಕಾ ಅಂದೇ ಅಟ್ಟ ಹತ್ತಿ ಹಲಗೆಗಳನ್ನು ಕೈಯಿಂದ ತಟ್ಟಿ ನೋಡಿ ಬಂದರು.

"ಯಾವ ಬಾಡಕೋ ಹೊಡದಾನೋ ಇದನ್ನ. ನಾ ಹೋದ ಮ್ಯಾಲ ಬಿಚ್ಚಿ ಮತ್ತ ಹೊಡೀತೀನಿ."

ಅದು ಮುಕಾದಮನ ಮಾತಲ್ಲ, ಅವರದ್ದೇ. ನನಗೆ ಖುಷಿಯಾಯಿತು.

ಈಗ ನನ್ನ ಪರಾಕ್ರಮ. ಡಾಕ್ಟರು ಆ ಮಾತು ಹೇಳಿದ ಬುಧವಾರವೇ ಮಧ್ಯಾಹ್ನ ಮೂರಕ್ಕೇ ಹೊರಟುಹೋಗಿದ್ದರು. ಕಾಕಾರನ್ನು ನೋಡಿದ್ದು ಆಗಲೇ ಮುಗಿದಿತ್ತು. ನಾಲ್ಕರ ಚಹಾ ಹೊತ್ತಿಗೆ ಡಾಕ್ಟರ ಕೋಣೆಯಲ್ಲಿ ಇದ್ದವರು ನಾನು ಮತ್ತು ನರ್ಸ್ ಆಪಾ ಇಬ್ಬರೇ. ಕೋಣೆ ಎಂದರೆ ದೊಡ್ಡ ಕಲ್ಪನೆ ಬೇಡ. ಹಾಲಿನ ಮೂಲೆಗೆ ಪ್ಲೈವುಡ್ ನಿಲ್ಲಿಸಿದ್ದೇವೆ, ಅದು ಛತ್ತಿನವರೆಗೂ ಹೋಗುವುದಿಲ್ಲ. ಆಪಾ ಕಲಬುರಗಿ ಕಡೆಯವರು, ಧಾರಾವಿಯಲ್ಲಿ ಮನೆ, ದಖನಿ ಮಾತಾಡುತ್ತಾರೆ, ನಗಲು ಶುರುಮಾಡಿದರೆ ಸೂಜಿ ಕೆಳಗಿಡಬೇಕಾಗುತ್ತದೆ.

"ಏ ಪೋರ್ಯಾ, ಡಾಕ್ಟರ್ ಸಾಬ್ ಕರ್ ಕೆ ದಿಖಾ ನಾ," ಎಂದರು. "ಕಾಕಾ ಕು ಕ್ಯಾ ಬೋಲ್ತೇ ಸೋ." ಡಾಕ್ಟರು ಕಾಕಾರಿಗೆ ಹೇಳುವುದನ್ನು ನಾನು ಮಾಡಿ ತೋರಿಸಬೇಕಂತೆ.

ಕೇಳಿಸಿಕೊಳ್ಳುವವರು ಒಬ್ಬರಿದ್ದರೆ ಸಾಕು, ನನಗೆ ಅದೇ ಸ್ಟೇಡಿಯಂ. ಡಾಕ್ಟರ ಕುರ್ಚಿಯಲ್ಲಿ ಕೂತೆ. ಸ್ಟೆತೋಸ್ಕೋಪು ಕೊರಳಿಗೆ ಹಾಕಿದೆ. ನಮ್ಮ ಡಾಕ್ಟರು ಒಳ್ಳೆಯವರು, ಆದರೆ ಯಾರು ಏನು ಹೇಳಿದರೂ ಮೊದಲು "ಬಹುತ್ ಬಢಿಯಾ" ಎನ್ನುತ್ತಾರೆ. ನಿದ್ದೆ ಬರುತ್ತಿಲ್ಲ ಸಾಹೇಬ್ರೇ ಎಂದರೂ ಬಹುತ್ ಬಢಿಯಾ, ಆಮೇಲೆ ಒಂದು ಕೆಮ್ಮು, ಆಮೇಲೆ ಅಯ್ಯೋ ಪಾಪ. ನಾನು ಕೆಮ್ಮಿನ ಸಮೇತ ಎತ್ತಿದೆ:

"ಕಾಕಾ! ಬಹುತ್ ಬಢಿಯಾ! ಅಬ್ ತುಮ್ ಏಕ್‌ದಮ್ ಫಿಟ್. ಗೋಲಿ ಬಂದ್! ಆಜ್ ಸೇ ಗೋಲಿ ಬಂದ್, ಭಜಿಯಾ ಚಾಲೂ!"

ಆಪಾ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಪಕ್ಕದಲ್ಲಿ ಬಾಕ್ಸ್ ಕತ್ತರಿಸುವ ಮಷೀನು ಧಡ್ ಧಡ್ ಎನ್ನುತ್ತಿತ್ತು. ಆ ಸದ್ದಿನಲ್ಲಿ ಪ್ಲೈವುಡ್ಡಿನ ಆಚೆಯಿಂದ ಯಾರೋ "ಹೂನ್ರಿ ಸಾಹೇಬ್ರ" ಎಂದದ್ದು ನಮಗೆ ಕೇಳಿಸಲಿಲ್ಲ. ಕಾಕಾ ಮರೆತುಹೋದ ತಮ್ಮ ಟವೆಲಿಗಾಗಿ ವಾಪಸು ಬಂದಿದ್ದರು. ಡಾಕ್ಟರು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರೇ ತಮಗೆ ಹೇಳುತ್ತಿದ್ದಾರೆಂದುಕೊಂಡು ಕಾಕಾ ಉತ್ತರ ಕೊಟ್ಟರು, ಒಳಗೆ ನುಗ್ಗಿ ತೊಂದರೆ ಕೊಡಬಾರದೆಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮರುದಿನದಿಂದ ನನಗೆ ಮೂರು ದಿನ ರಜೆ. ವಿಕ್ರೋಳಿಯಲ್ಲಿ ಕಂಪನಿ ಕಾಲನಿಯೊಂದರ ಸ್ನೇಹಸಮ್ಮೇಳನದಲ್ಲಿ ನನ್ನ ಕಾರ್ಯಕ್ರಮವಿತ್ತು. ಅಲ್ಲಿ ಹದಿಮೂರು ನಿಮಿಷ ನಿಂತೆ, ಅದು ನನ್ನ ದಾಖಲೆ. ಸೋಮವಾರ ಕಾಲರ್ ಎತ್ತಿಕೊಂಡು ಕೇಂದ್ರಕ್ಕೆ ಬಂದರೆ ಮೇಡಮ್ ಮುಖ ಬಾಡಿತ್ತು.

"ಕಾಕಾ ಗುರುವಾರದಿಂದ ಗುಳಿಗೆ ತಗೊಳ್ತಾ ಇಲ್ಲ," ಎಂದರು. "ಡಾಕ್ಟರೇ ನಿಲ್ಲಿಸು ಅಂದ್ರು ಅಂತಾರೆ. ಯಾವಾಗ ಅಂತ ಕೇಳಿದ್ರೆ ಬುಧವಾರ ನಾಲ್ಕು ಗಂಟೆಗೆ ಅಂತೆ. ಡಾಕ್ಟರು ಮೂರಕ್ಕೇ ಹೋಗಿದ್ರಲ್ಲ? ಮತ್ತೆ ದನಿ ಶುರುವಾಗಿದೆ ಮಾರಾಯ. ಅದೂ ಈಗ ಡಾಕ್ಟರ ಹೆಸರಲ್ಲಿ ಆರ್ಡರ್ ಮಾಡ್ಲಿಕ್ಕೆ ಶುರು ಮಾಡಿದೆ."

ಮೂಲೆಯಲ್ಲಿ ಆಪಾ ಗಾಜಿನ ಲೋಟ ಒರೆಸುತ್ತಿದ್ದರು. ಮೇಡಮ್ ಗುರುವಾರ ಬೆಳಿಗ್ಗೆಯೇ ಅವರನ್ನು ಕೇಳಿದ್ದರಂತೆ, ಆಗ ಅವರಿಗೆ ಹೊಳೆದಿರಲಿಲ್ಲ. ಈಗ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಲೋಟ ಒರೆಸುವ ಕೈ ನಿಂತಿತು.

ಮೇಡಮ್ ಇನ್ನೂ ಹೇಳುತ್ತಿದ್ದರು. ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡಿದ್ದಾರೆ. ಬುಧವಾರ ಬಂದು ನೋಡುತ್ತಾರೆ. ದನಿ ಅಪ್ಪಣೆ ಕೊಡುತ್ತಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಅಟ್ಟದ ಚೀಟಿಯ ಮಾತು ಈಗ ಇಲ್ಲ. ಯಜಮಾನ ಬುಧವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದಾನೆ.

ಆ ಕ್ಷಣವೇ ನಾನು ಹೇಳಬೇಕಿತ್ತು. ಐದು ಭಾಷೆ ಬರುವ ನನಗೆ ಒಂದರಲ್ಲೂ ಬಾಯಿ ಬಿಡಲಾಗಲಿಲ್ಲ. ಮ್ಯಾನೇಜರುಗಳ ಪಟ್ಟಿಗೆ ಮೇಡಮ್ ದನಿಯೂ ಸೇರಿಕೊಳ್ಳುವುದು ಕಿವಿಯಲ್ಲೇ ಕೇಳಿಸಿತು. ಆಪಾ ಒಳಗೆ ಕರೆದು ಗದರಿದರು: "ಮೈ ಬೋಲೂಂ ಕಿ ತೂ ಬೋಲ್ತಾ?" ನಾನೇ ಹೇಳುತ್ತೇನೆ, ಒಂದು ದಿನ ಕೊಡಿ ಎಂದೆ. ಒಂದು ದಿನದಲ್ಲಿ ಏನಾಗುತ್ತದೆಂದು ಅಂದುಕೊಂಡಿದ್ದೆನೋ ದೇವರಿಗೇ ಗೊತ್ತು.

ಮಂಗಳವಾರ ಕಾಕಾ ಚಹಾ ಟಪರಿಯ ಬಳಿ ನನ್ನ ಪಕ್ಕ ಬಂದು ಕೂತರು. ನಾಲ್ಕು ದಿನದಿಂದ ನಿದ್ದೆ ಇಲ್ಲದ ಕಣ್ಣು. ಚಹಾ ಕೈಯಲ್ಲೇ ಆರುತ್ತಿತ್ತು.

"ತಮ್ಮಾ," ಎಂದರು. ಮಂಗ್ಯಾ ಎನ್ನಲಿಲ್ಲ. "ಮುಕಾದಮ ಒಳಗಿನಾಂವ ಅಂತ ನೀವೆಲ್ಲಾ ಹೇಳಿದ್ರಿ, ನಾ ಒಪ್ಪಿಕೊಂಡೆ. ಖರೇ, ಅಂವಾ ಒಳಗಿಂದನ ಬರ್ತಾನ. ಆದ್ರ ಡಾಕ್ಟರ್ ಮಾತು ಈ ಕಿವೀಲೆ ಕೇಳೇನಪಾ. ಹೊರಗಿಂದ. ನಾ ಹೂನ್ರೀ ಅಂತ ಜವಾಬೂ ಕೊಟ್ಟೆ. ಮೇಡಮ್ ಅದೂ ಸುಳ್ಳು ಅಂತಾಳ. ಹಂಗಾರ ಹೊರಗಿಂದ್ಯಾವುದು ಒಳಗಿಂದ್ಯಾವುದು ನನಗ ಹ್ಯಾಂಗ ತಿಳೀಬೇಕು? ನೀ ಈಗ ಇಲ್ಲಿ ಕುಂತೀಯಲ್ಲ, ನೀನರ ಖರೇ ಇದ್ದೀ ಇಲ್ಲೋ?"

ಕೈ ಚಾಚಿ ನನ್ನ ಮಂಡಿ ಮುಟ್ಟಿ ನೋಡಿದರು. ಅಲ್ಲೇ ಹೇಳಿಬಿಡಬೇಕೆನಿಸಿತು. ಹೇಳಿದರೆ ಅವರೊಬ್ಬರು ನಂಬಬಹುದು, ಆದರೆ ಮೇಡಮ್ ಮತ್ತು ಡಾಕ್ಟರ ಫೈಲಿನಲ್ಲಿ ಅವರು ಸುಳ್ಳುಗಾರರಾಗಿಯೇ ಉಳಿಯುತ್ತಾರೆ. ಎಲ್ಲರೆದುರು ಹೇಳಬೇಕು. ಹೇಳಲು ನಮ್ಮಲ್ಲಿ ಒಂದು ಜಾಗವೂ ಇತ್ತು.

"ಖರೇ ಇದ್ದೀನಿ ಕಾಕಾ," ಎಂದೆ. "ನಾಳೆ ಹತ್ತಕ್ಕ ಗೋಲಕ್ಕ ಬರ್ರಿ. ತಪ್ಪಿಸಬ್ಯಾಡ್ರಿ."

ಗೋಲ ಎಂದರೆ ನಮ್ಮ ಬೆಳಗಿನ ಪದ್ಧತಿ. ಎಲ್ಲರೂ ನೆಲದ ಮೇಲೆ ಸುತ್ತಾಗಿ ಕೂರುತ್ತೇವೆ. ಹಿಂದಿನ ದಿನ ಜಾರಿದವರು, ಅಂದರೆ ಕುಡಿದವರೋ ಮೂಸಿದವರೋ, ಎದ್ದು ನಿಂತು "ನಾನು ಜಾರಿದೆ" ಎಂದು, ಎಲ್ಲಿ, ಹೇಗೆ ಎಂಬುದನ್ನೂ ಹೇಳಬೇಕು. ಉಳಿದವರು ಬೈಯುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಎಲ್ಲರೂ ಕೂಡಿ ಒಂದೇ ಒಂದು ಚಪ್ಪಾಳೆ ತಟ್ಟುತ್ತೇವೆ. ಎರಡು ತಟ್ಟಿದರೆ ಹೊಗಳಿದಂತೆ, ತಟ್ಟದೇ ಇದ್ದರೆ ಕೈಬಿಟ್ಟಂತೆ. ಅದಾದ ಮೇಲೆ ಜಾರಿದವರಿಗೇ ಮೊದಲ ಚಹಾ. ಸ್ಟಾಫಿನವರು ಇದುವರೆಗೆ ಯಾರೂ ಎದ್ದು ನಿಂತಿರಲಿಲ್ಲ. ಸ್ಟಾಫಿನವರು ಜಾರುವುದಿಲ್ಲ ಎಂಬುದು ನಮ್ಮ ಕೇಂದ್ರದ ಮೂಢನಂಬಿಕೆ.

ಬುಧವಾರ ಡಾಕ್ಟರೂ ಗೋಲದಲ್ಲಿ ಕೂತರು, ಮಂಡಿ ನೋವಿನವರಾದ್ದರಿಂದ ಅವರಿಗೊಂದು ಸ್ಟೂಲು. ಕಾಕಾ ಬಾಗಿಲ ಬಳಿ ಕೂತಿದ್ದರು. ಮೊದಲು ಒಬ್ಬ ಮುದುಕ ಎದ್ದ, ಮೊಮ್ಮಗಳ ಹಾಗಿದ್ದ ಯಾರನ್ನೋ ಟ್ರೇನಿನಲ್ಲಿ ನೋಡಿ ಕುಡಿದೆ ಎಂದ. ಚಪ್ಪಾಳೆ. ಆಮೇಲೆ ನಾನು ಎದ್ದೆ.

"ನಾನು ಜಾರಿದೆ."

ಎಲ್ಲರೂ ನಗಲು ತಯಾರಾದರು. ನಾನು ಎದ್ದು ನಿಂತರೆ ತಮಾಷೆ ಎಂದೇ ಅವರ ಅಭ್ಯಾಸ. ಮೇಡಮ್ ಕೂಡ "ಈಗ ಬೇಡ, ಕೂತ್ಕೊ ಆಯ್ತಾ" ಎಂದರು.

"ಹೋದ ಬುಧವಾರ ನಾಲ್ಕು ಗಂಟೆಗೆ ಡಾಕ್ಟರ ಕುರ್ಚಿಯಲ್ಲಿ ಕೂತು, ಡಾಕ್ಟರ ದನಿಯಲ್ಲಿ ಕಾಕಾರ ಗುಳಿಗೆ ನಿಲ್ಲಿಸಿದ್ದು ನಾನು. ಕಾಕಾ ಆಚೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ನಿಜ."

ಯಾರೂ ನಗಲಿಲ್ಲ. ಕಾಕಾ ನಿಧಾನವಾಗಿ ತಲೆ ಎತ್ತಿದರು.

"ಸುಳ್ಳು," ಎಂದರು. "ನನಗ ಆಸ್ಪತ್ರಿ ತಪ್ಪಿಸಾಕ ಹೇಳ್ಲಾಕತ್ತಾನ. ಅದು ಡಾಕ್ಟರ್ ದನಿನ ಇತ್ತು. ಈ ಮಂಗ್ಯಾಗ ಅಷ್ಟು ಚಂದ ಎಲ್ಲಿ ಬರ್ತದ?"

ನನ್ನ ಕಲೆಯ ಬಗ್ಗೆ ಇದಕ್ಕಿಂತ ದೊಡ್ಡ ಬೈಗುಳ, ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇದುವರೆಗೂ ಸಿಕ್ಕಿಲ್ಲ. ಬೇರೆ ದಾರಿಯಿರಲಿಲ್ಲ. ಪ್ಲೈವುಡ್ಡಿನ ಹಿಂದಕ್ಕೆ ಹೋದೆ. ಕೆಲಸ ಹೋಗುವುದಿದ್ದರೆ ಚೆನ್ನಾಗಿ ಮಾಡಿಯೇ ಹೋಗಲಿ ಎಂದುಕೊಂಡು, ಸ್ಟೂಲಿನ ಮೇಲೆ ಕೂತ ಡಾಕ್ಟರೇ ಕೇಳುತ್ತಿದ್ದಾರೆಂಬುದನ್ನು ಮರೆತು, ಒಂದು ಕೆಮ್ಮು ಕೆಮ್ಮಿ ಶುರುಮಾಡಿದೆ: "ಕಾಕಾ! ಬಹುತ್ ಬಢಿಯಾ..." ಭಜಿಯಾದವರೆಗೂ ಹೋದೆ.

"ಹೂನ್ರಿ ಸಾಹೇಬ್ರ!" ಎಂದಿತು ಆಚೆಯಿಂದ ಕಾಕಾರ ದನಿ. ಆಮೇಲೆ, ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿರದಷ್ಟು ಜೋರಾದ ನಗು. "ಇದ! ಇದನ! ಇದು ಹೊರಗಿಂದು!"

ನಾನು ಹೊರಬಂದಾಗ ಇಬ್ಬರು ಮೂವರು ಪ್ರದರ್ಶನ ಮುಗಿದ ಹಾಗೆ ಚಟಪಟ ಚಪ್ಪಾಳೆ ತಟ್ಟತೊಡಗಿದ್ದರು. ಮೇಡಮ್ ಕೈ ಎತ್ತಿದರು.

"ಒಂದೇ! ಜಾರಿದವನಿಗೆ ಒಂದೇ."

ಎಲ್ಲರೂ ಕೂಡಿ ಒಂದು ಚಪ್ಪಾಳೆ ತಟ್ಟಿದರು. ಅಂಥ ಸದ್ದು ಯಾವ ಮಂಡಳದ ಸ್ಟೇಜಿನಲ್ಲೂ ಕೇಳಿರಲಿಲ್ಲ. ಆಪಾ ಎದ್ದು ನಿಂತು, ಮಾಡಿ ತೋರಿಸು ಎಂದವಳು ನಾನೇ, ನಾನೂ ಜಾರಿದೆ ಎಂದರು. ಅವರಿಗೂ ಒಂದು. ಚಹಾ ತಂದಾಗ ಮೊದಲ ಗ್ಲಾಸು ಯಾರಿಗೆ ಎಂದು ಗೊಂದಲವಾಯಿತು, ಟ್ರೇನಿನ ಮುದುಕ ಅದನ್ನು ಸದ್ದಿಲ್ಲದೆ ಎತ್ತಿಕೊಂಡ.

ಡಾಕ್ಟರು ಇನ್ನೂ ಬಾಯಿ ತೆರೆದೇ ಕೂತಿದ್ದರು. "ನಾನು ಅಷ್ಟೊಂದು ಸಲ ಬಹುತ್ ಬಢಿಯಾ ಅನ್ನುತ್ತೇನಾ?" ಎಂದು ಹಿಂದಿಯಲ್ಲಿ ಮೇಡಮ್ಮನ್ನು ಕೇಳಿದರು. ಹೌದು ಎಂದು ಮೇಡಮ್ ತಲೆಯಾಡಿಸಿದರು. "ಬಹುತ್ ಬಢಿಯಾ," ಎಂದರು ಡಾಕ್ಟರು, ಆಮೇಲೆ ಕೆಮ್ಮಿದರು.

ನನಗೆ ಮೇಡಮ್ ಬೈದದ್ದು ಒಳಗೆ, ಬಾಗಿಲು ಹಾಕಿಕೊಂಡು, ಅರ್ಧ ಗಂಟೆ, ಮೂರು ಭಾಷೆಯಲ್ಲಿ. ತುಳು ನನಗೆ ಬರುವುದಿಲ್ಲವೆಂದು ಅವರು ಅಂದುಕೊಂಡಿದ್ದರು. ಅಷ್ಟರಲ್ಲಿ ಹೊರಗೆ ಕಾಕಾ ಡಾಕ್ಟರ ಮುಂದೆ ಕೂತು ತಮ್ಮ ಷರತ್ತು ಇಟ್ಟಿದ್ದರು. ಫೈಲಿನಲ್ಲಿ ದನಿ ಹೆಚ್ಚಾಗಿದೆ ಎಂದು ಬರೆದದ್ದನ್ನು ಹೊಡೆದು, ಆ ದನಿ ಮಂಗ್ಯಾನದು ಎಂದು ಬರೆಯಬೇಕು. ಡಾಕ್ಟರು ಬರೆದರು. ಆಪಾ ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಆಮೇಲೆ ಕಾಕಾ ಡಾಕ್ಟರ ಮಣಿಕಟ್ಟು ಹಿಡಿದುಕೊಂಡು, ಅವರ ತುಟಿಗಳನ್ನೇ ನೋಡುತ್ತ, "ಈಗ ಹೇಳ್ರಿ" ಎಂದರು. ಗುಳಿಗೆ ಚಾಲೂ ಎಂದರು ಡಾಕ್ಟರು. ಕಾಕಾ ಅಲ್ಲೇ ನುಂಗಿ ನಾಲಿಗೆ ಚಾಚಿ ತೋರಿಸಿದರು.

ಆಸ್ಪತ್ರೆಯ ಮಾತು ನಿಂತಿತು. ಆದರೆ ಐದಾರು ದಿನ ಗುಳಿಗೆ ತಪ್ಪಿತ್ತಲ್ಲ, ನಿದ್ದೆ ಕೆಟ್ಟಿತ್ತಲ್ಲ, ಅಂದೇ ಸಹಿ ಮಾಡಲಾಗುವುದಿಲ್ಲ, ಇನ್ನೊಂದು ವಾರ ನೋಡಬೇಕು ಎಂದರು ಡಾಕ್ಟರು. ಅದು ಸರಿಯೇ. ಆದರೆ ಯಜಮಾನ ಕಾಯುವವನಲ್ಲ, ಹಬ್ಬದ ಆರ್ಡರು ಬಂದಿತ್ತು, ಅವನಿಗೆ ಕೈ ಬೇಕಿತ್ತು. ಮೇಡಮ್ ನನ್ನ ಕಡೆ ನೋಡಿದರು. ಹೇಳುವ ಅಗತ್ಯವೇ ಇರಲಿಲ್ಲ.

ಹಾಗಾಗಿ ಒಂದು ವಾರ, ಕೇಂದ್ರದ ಕೆಲಸ ಮುಗಿಸಿ ಸಂಜೆ ಏಳರವರೆಗೆ, ಕಾಕಾರ ಜಾಗ ಕಾದಿಡಲು ನಾನು ಮಿಠಾಯಿ ಬಾಕ್ಸು ಅಂಟಿಸಿದೆ. ನಾನು ಅಂಟಿಸಿದ ಬಾಕ್ಸುಗಳಲ್ಲಿ ನಾಲ್ಕು ಮೂಲೆಯಿದ್ದವು ಅಪರೂಪ. ಅಲ್ಲಿ ಕೆಲಸ ಮಾಡುವ ಹೆಂಗಸರು ಒಂದೊಂದನ್ನೂ ಎತ್ತಿ ಹಿಡಿದು, ಇದರಲ್ಲಿ ಲಾಡು ಇಡುವುದೋ ಜಿಲೇಬಿಯೋ ಎಂದು ಗಂಭೀರವಾಗಿ ಚರ್ಚಿಸುತ್ತಿದ್ದರು. ಕಾಕಾ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸೊಟ್ಟ ಐತಿ. ಬಿಚ್ಚು. ಮತ್ತ ಹಚ್ಚು."

"ಇದು ಮುಕಾದಮ ಹೇಳ್ಲಾಕತ್ತಾನೋ ನೀವೋ?" ಎಂದೆ.

"ನಾನ. ಮುಕಾದಮ ಇದನ್ನ ನೋಡಿದ್ರ ಎದೀ ಒಡಕೊಂಡು ಸಾಯ್ತಿದ್ದ."

ಮುಂದಿನ ಬುಧವಾರ ಡಾಕ್ಟರು ಚೀಟಿ ಬರೆದರು. ಅಂದು ಮಧ್ಯಾಹ್ನವೇ ಕಾಕಾ ತಮ್ಮ ಗಂಟು, ಟವೆಲು, ಒಂದು ಸುತ್ತಿಗೆ ಸಮೇತ ಅಟ್ಟ ಹತ್ತಿದರು. ಸಂಜೆಯೊಳಗೆ ಹಲಗೆಗಳೆಲ್ಲ ಬಿಚ್ಚಿ ಮತ್ತೆ ಹೊಡೆದಾಗಿತ್ತು. ಯಜಮಾನ ಕೆಳಗೆ ತಲೆ ಮೇಲೆ ಕೈಹೊತ್ತು ನಿಂತಿದ್ದ. ಈಗ ಆ ಅಟ್ಟದ ಮೇಲೆ ಆನೆ ನಿಲ್ಲಿಸಬಹುದು.

ಕೇಂದ್ರದಲ್ಲಿ ಈಗ ಮೇಡಮ್ ಮಾಡಿದ ಹೊಸ ನಿಯಮವಿದೆ. ನಾನು ಯಾರ ದನಿ ತೆಗೆಯುವ ಮೊದಲೂ ಬಲಗೈ ಎತ್ತಬೇಕು, ಎಲ್ಲರಿಗೂ ಕಾಣುವಂತೆ. ಪ್ಲೈವುಡ್ಡಿನ ಹಿಂದೆ ಮಿಮಿಕ್ರಿ ಬಂದ್. ಒಂದು ಕೈ ಎತ್ತಿಕೊಂಡು ಪ್ರೆಶರ್ ಕುಕ್ಕರ್ ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ಕಾಕಾರಿಗೂ ಒಂದು ಹೊಸ ಅಭ್ಯಾಸವಾಗಿದೆ, ಅದನ್ನು ಯಾರೂ ಕಲಿಸಲಿಲ್ಲ. ಮೊನ್ನೆ ಮಧ್ಯಾಹ್ನ ಊಟದ ಹೊತ್ತು, ಮಷೀನು ನಿಂತಿತ್ತು. ನಾನು ಗಾಳಾದ ಬಾಗಿಲಲ್ಲಿ ಕೂತು ಅವರು ಕೊಟ್ಟ ಅರ್ಧ ರೊಟ್ಟಿ ತಿನ್ನುತ್ತಿದ್ದೆ. ಬಾಕ್ಸಿಗೆ ಅಂಟು ಹಚ್ಚುತ್ತಿದ್ದ ಕಾಕಾ ತಟ್ಟನೆ ಕೈ ನಿಲ್ಲಿಸಿ, ತಲೆ ಓರೆ ಮಾಡಿ ನನ್ನ ಕಡೆ ನೋಡಿದರು.

"ಮಂಗ್ಯಾ, ಈಗ ಮಾತಾಡಿದಾಂವ ನೀನೇನು?"

ನನ್ನ ಬಾಯಲ್ಲಿ ರೊಟ್ಟಿಯಿತ್ತು. ಇಲ್ಲ ಎಂದು ತಲೆಯಾಡಿಸಿ, ಎರಡೂ ಕೈ ಕೆಳಗಿರುವುದನ್ನು ತೋರಿಸಿದೆ.

"ಹಂಗಾರ ನಮ್ಮಾಂವ, ಮುಕಾದಮ," ಎಂದರು ಕಾಕಾ. "ಬಿಡು, ಒದರಲಿ. ಊಟದ ಹೊತ್ತಿಗೆ ಅಂವಂಗೂ ಹಸಿವಾಗಿರತೈತಿ."

ಅಂಟು ಹಚ್ಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಮುಂದಿನ ಬಾಕ್ಸು ಕೈಗೆತ್ತಿಕೊಂಡರು.